ಮೂಳೆ ನುಡಿದ ಸಾಕ್ಷ್ಯ

ಇನ್ನೂ ಮಗ್ಗುಲು ಬದಲಿಸಲು ಬಾರದ ಕೂಸಿನ ತೊಡೆಮೂಳೆ ಮುರಿದಿದೆ. ಮಂಚದಿಂದ ಬಿತ್ತೆಂದು ಮನೆಯವರು ಹೇಳುತ್ತಾರೆ. ಅದು ನಿಜವೇ? ಮೂಳೆಯೇ ದುರ್ಬಲವಾಗಿತ್ತೇ? ಅಥವಾ ಯಾರದಾದರೂ ಕೈ ಇದರ ಹಿಂದಿದೆಯೇ? ತಪ್ಪು ಉತ್ತರ ಕೊಟ್ಟರೆ ಒಂದೋ ಮಗು ಅದೇ ಕೈಗೆ ಮರಳುತ್ತದೆ, ಇಲ್ಲವೇ ನಿರಪರಾಧಿ ತಾಯ್ತಂದೆಯರ ಮಡಿಲು ಬರಿದಾಗುತ್ತದೆ. ಮಕ್ಕಳ ಎಕ್ಸ್‌ರೇ ಓದುವುದನ್ನೇ ವೃತ್ತಿಯಾಗಿಸಿಕೊಂಡ ನನಗೆ ಇಂಥ ಹೊತ್ತಿನಲ್ಲಿ ನೆನಪಾಗುವ ಹೆಸರು ಅಮೆರಿಕದ ಜಾನ್ ಕ್ಯಾಫಿ.

ಕ್ಯಾಫಿ ಹುಟ್ಟಿದ್ದು 1895ರಲ್ಲಿ, ಯೂಟಾ ರಾಜ್ಯದ ಕ್ಯಾಸಲ್ ಗೇಟ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ. ರಾಂಟ್‌ಜನ್ ಕ್ಷ-ಕಿರಣವನ್ನು ಕಂಡುಹಿಡಿದದ್ದೂ ಅದೇ ವರ್ಷ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿದ ಅವರು ಮೊದಲ ಮಹಾಯುದ್ಧದ ನಂತರ ಸರ್ಬಿಯಾ, ಪೋಲೆಂಡ್, ರಷ್ಯಾಗಳಲ್ಲಿ ಪರಿಹಾರ ಕಾರ್ಯಕ್ಕೆ ಹೋದರು. ಮರಳಿ ಬಂದು ನ್ಯೂಯಾರ್ಕಿನ ಬೇಬೀಸ್ ಆಸ್ಪತ್ರೆ ಸೇರಿದ್ದು ಮಕ್ಕಳ ವೈದ್ಯರಾಗಿ. ವಿಕಿರಣಶಾಸ್ತ್ರದಲ್ಲಿ ವಿಧಿವತ್ತಾದ ತರಬೇತಿ ಇಲ್ಲದೆಯೇ ಅಲ್ಲಿನ ಎಕ್ಸ್‌ರೇ ವಿಭಾಗದ ಹೊಣೆ ಹೊತ್ತರು. ಇದು ಅವರಿಗೆ ಕೊರತೆಯಾಗಲಿಲ್ಲ, ವರವಾಯಿತು ಎಂಬುದು ನನ್ನ ಎಣಿಕೆ. ನೆರಳನ್ನು ನೋಡುವ ಮುನ್ನ ಅವರು ಮಗುವನ್ನು ನೋಡಬಲ್ಲವರಾಗಿದ್ದರು.

ಆ ಕಾಲದಲ್ಲಿ ಕೂಸಿನ ಎದೆಯಲ್ಲಿ ಥೈಮಸ್ ಗ್ರಂಥಿಯ ನೆರಳು ದೊಡ್ಡದಾಗಿ ಕಂಡರೆ ಅದನ್ನು ಅಪಾಯವೆಂದು ಬಗೆದು ವಿಕಿರಣ ಹಾಯಿಸಿ ಕುಗ್ಗಿಸುವ ರೂಢಿಯಿತ್ತು. ಆರೋಗ್ಯವಂತ ಕೂಸುಗಳಲ್ಲೂ ಆ ನೆರಳು ದೊಡ್ಡದೇ ಎಂದು ಕ್ಯಾಫಿ ವಾದಿಸಿದರು. ಹಾಗೆ ವಿಕಿರಣ ಪಡೆದ ಮಕ್ಕಳಲ್ಲಿ ಮುಂದೆ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಿದ್ದು ತಿಳಿದುಬಂತು. ಸಹಜ ಯಾವುದೆಂದು ಅರಿಯದವನಿಗೆ ಅಸಹಜವೂ ತಿಳಿಯದು; 1945ರಲ್ಲಿ ಪ್ರಕಟವಾದ ಅವರ ಬೃಹತ್ ಪಠ್ಯಪುಸ್ತಕದ ಬುನಾದಿಯೇ ಇದು.

ಮರುವರ್ಷ, ಅಂದರೆ 1946ರಲ್ಲಿ, ಅವರು ಬರೆದ ಲೇಖನ ಚರಿತ್ರೆಯಾಯಿತು. ಮೆದುಳಿನ ಹೊದಿಕೆಯಡಿ ರಕ್ತ ಶೇಖರವಾಗಿದ್ದ ಆರು ಕೂಸುಗಳು. ಅವುಗಳ ಕೈಕಾಲುಗಳ ಉದ್ದ ಮೂಳೆಗಳಲ್ಲಿ ಒಟ್ಟು 23 ಮುರಿತಗಳು. ಕೆಲವು ಹೊಸವು, ಕೆಲವು ಆಗಲೇ ಮಾಯುತ್ತಿದ್ದವು. ಮೂಳೆಯ ರೋಗವೆನ್ನಲು ಪುರಾವೆಯಿರಲಿಲ್ಲ. ಈ ಗಾಯಗಳಿಗೆ ಹೊಂದುವಂಥ ಪೆಟ್ಟಿನ ಸಂಗತಿಯನ್ನೂ ಮನೆಯವರು ಹೇಳಿರಲಿಲ್ಲ. ಇವು ಪೆಟ್ಟಿನಿಂದ ಆದವೆಂದು ಕ್ಯಾಫಿ ಬರೆದರು. ಒಂದು ಪ್ರಕರಣದಲ್ಲಿ ಮಗು ತಾಯ್ತಂದೆಯರಿಗೆ ಬೇಡವಾಗಿತ್ತೆಂಬುದನ್ನೂ ಗುರುತಿಸಿ, ಉದ್ದೇಶಪೂರ್ವಕ ಹಿಂಸೆಯ ಪ್ರಶ್ನೆಯನ್ನೆತ್ತಿದರು. ಆದರೆ ಸಾಕ್ಷ್ಯ ಸಾಲದೆಂದು ಅಲ್ಲಿಗೇ ನಿಂತರು.

ಈ ಸಂಯಮವನ್ನು ಹೇಡಿತನವೆಂದವರಿದ್ದಾರೆ. ನನಗೆ ಹಾಗನ್ನಿಸದು. ಅದಕ್ಕೂ ಮುನ್ನ, 1860ರಲ್ಲಿಯೇ, ಪ್ಯಾರಿಸ್ಸಿನ ನ್ಯಾಯವೈದ್ಯ ಆಂಬ್ರ್ವಾಸ್ ತಾರ್ದ್ಯೂ ಮಕ್ಕಳ ಮೇಲಿನ ಕ್ರೌರ್ಯವನ್ನು ವಿವರವಾಗಿ ದಾಖಲಿಸಿದ್ದುಂಟು. ಲೋಕ ಅದನ್ನು ಮರೆಯಿತು. ಹೆತ್ತವರು ಹೀಗೆ ಮಾಡಿಯಾರೆಂದು ನಂಬಲು ವೈದ್ಯರೇ ಸಿದ್ಧರಿರಲಿಲ್ಲ. ಕ್ಯಾಫಿಯ ಫಿಲ್ಮುಗಳನ್ನು ಮಾತ್ರ ಮರೆಯಲಾಗಲಿಲ್ಲ. ಯಾರು ಬೇಕಾದರೂ ದೀಪದೆದುರು ಹಿಡಿದು ನೋಡಬಹುದಿತ್ತು.

ಅವುಗಳಲ್ಲಿ ಕಾಣುವುದೇನು? ಬೆಳೆಯುವ ಮೂಳೆಯ ತುದಿಯಂಚಿನಿಂದ ಚಕ್ಕೆಯಂತೆ ಎದ್ದ ಸಣ್ಣ ಚೂರು. ಕೂಸು ಮಂಚದಿಂದ ಉರುಳಿದರೆ ಹೀಗಾಗುವುದು ತೀರ ಅಪರೂಪ. ಕೈಕಾಲನ್ನು ಜಗ್ಗಿದಾಗ, ತಿರುಚಿದಾಗ ಆಗುತ್ತದೆ. ಬೆನ್ನುಮೂಳೆಯ ಪಕ್ಕದಲ್ಲೇ ಪಕ್ಕೆಲುಬು ಮುರಿದಿದ್ದರೆ ಎದೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಸುಕಿರುವ ಶಂಕೆ ಬಲವಾಗುತ್ತದೆ. ಮುರಿದ ಒಂದೆರಡು ವಾರದಲ್ಲಿ ಹೊಸ ಮೂಳೆ ಕಟ್ಟಿಕೊಳ್ಳತೊಡಗುವುದರಿಂದ, ಒಂದೇ ಮೈಯಲ್ಲಿ ಬೇರೆಬೇರೆ ವಯಸ್ಸಿನ ಮುರಿತಗಳಿದ್ದರೆ ಒಂದೇ ಬೀಳುವಿಕೆಯ ಕತೆ ನಿಲ್ಲುವುದಿಲ್ಲ. ಆದರೆ ನಡೆಯಲು ಕಲಿತ ಮಗುವಿನ ಮೊಣಕಾಲ ಕೆಳಗಿನ ಮೂಳೆ ತಿರುಚಿ ಸೀಳುವುದು ಸರ್ವೇಸಾಮಾನ್ಯ. ಗಾಯದಷ್ಟೇ ಮಗುವಿನ ವಯಸ್ಸೂ ಮುಖ್ಯ.

ಕ್ಯಾಫಿಯೇ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟುಹೋದರು. 1945ರಲ್ಲಿ ಶಿಷ್ಯ ಫ್ರೆಡರಿಕ್ ಸಿಲ್ವರ್‌ಮನ್ ಜೊತೆ ಅವರು ವರ್ಣಿಸಿದ ಕಾಯಿಲೆಯೊಂದರಲ್ಲಿ, ಪೆಟ್ಟಿಲ್ಲದೆಯೇ ಕೂಸಿನ ದವಡೆ, ಕೈಕಾಲುಗಳ ಮೂಳೆ ಊದಿ ದಪ್ಪವಾಗುತ್ತದೆ. ಇಂದು ಅದಕ್ಕೆ ಅವರದೇ ಹೆಸರು. ಅದರ ಹಿಂದಿನ ಜೀನ್ ದೋಷ ಪತ್ತೆಯಾದದ್ದು 2005ರಲ್ಲಿ. ಹುಟ್ಟಿನಿಂದಲೇ ಮೂಳೆ ಗಾಜಿನಂತಿರುವ ಕಾಯಿಲೆಗೂ ಬಹುಮಟ್ಟಿಗೆ ಅದೇ ಜೀನ್ ಕಾರಣ. ರಿಕೆಟ್ಸ್, ಸ್ಕರ್ವಿಗಳೂ ಕಣ್ಣನ್ನು ಮೋಸಗೊಳಿಸಬಲ್ಲವು. ವಿಟಮಿನ್ ಡಿ ಕೊರತೆ ವ್ಯಾಪಕವಾಗಿರುವ ನಮ್ಮ ನಾಡಿನಲ್ಲಿ ಇದನ್ನು ಮರೆತು ವರದಿ ಬರೆಯುವಂತಿಲ್ಲ.

1953ರಲ್ಲಿ ಸಿಲ್ವರ್‌ಮನ್ ಗುರುವಿಗಿಂತ ಸ್ಪಷ್ಟವಾಗಿ ಬರೆದರು. 1962ರಲ್ಲಿ ಹೆನ್ರಿ ಕೆಂಪಿ ಮತ್ತು ಸಂಗಡಿಗರು ಏಟು ತಿಂದ ಮಗುವಿನ ಲಕ್ಷಣಕೂಟವನ್ನು ಹೆಸರಿಸಿದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ವೈದ್ಯರು ಅನುಮಾನವನ್ನು ವರದಿ ಮಾಡಬೇಕೆಂಬ ಕಾನೂನು ಬಂತು.

ನ್ಯೂಯಾರ್ಕಿನಲ್ಲಿ ನಿವೃತ್ತರಾದ ಕ್ಯಾಫಿ ಪಿಟ್ಸ್‌ಬರ್ಗಿನ ಮಕ್ಕಳ ಆಸ್ಪತ್ರೆಗೆ ಹೋಗಿ ದುಡಿದರು. ಎಪ್ಪತ್ತೈದು ದಾಟಿದ ಮೇಲೆ, 1972 ಮತ್ತು 1974ರಲ್ಲಿ, ಕೂಸನ್ನು ಹಿಡಿದು ಜೋರಾಗಿ ಅಲುಗಾಡಿಸಿದರೇ ಮೆದುಳಿನಲ್ಲಿ ರಕ್ತಸ್ರಾವವಾಗಬಲ್ಲದೆಂದು ಬರೆದರು. ಇಲ್ಲಿ ಅವರ ಹಳೆಯ ಸಂಯಮ ಸಡಿಲಿತೆನ್ನದೆ ವಿಧಿಯಿಲ್ಲ. ಆಧಾರಗಳಲ್ಲಿ ಪತ್ರಿಕಾ ವರದಿಯೂ ಸೇರಿತ್ತು. ಮುಂದೆ ನ್ಯಾಯಾಲಯಗಳಲ್ಲಿ ಈ ವಾದದ ಮೇಲೆ ಶಿಕ್ಷೆಗಳಾದವು, ಕೆಲವು ರದ್ದೂ ಆದವು. 2009ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಅಲುಗಾಟವೊಂದನ್ನೇ ಕಾರಣವಾಗಿ ಸೂಚಿಸುವ ಆ ಹೆಸರನ್ನು ಬಿಟ್ಟು ಬೇರೊಂದನ್ನು ಶಿಫಾರಸು ಮಾಡಿತು. ಕೂಸನ್ನು ಅಲುಗಾಡಿಸುವುದು ಅಪಾಯವೆಂಬುದರಲ್ಲಿ ತಕರಾರಿಲ್ಲ. ಕೆಲವು ಲಕ್ಷಣಗಳಿಂದಲೇ ಹಿಂದಕ್ಕೆ ಲೆಕ್ಕಹಾಕಿ ಅಪರಾಧವನ್ನು ಸಾಬೀತು ಮಾಡಬಹುದೇ ಎಂಬ ವಿವಾದ ಇನ್ನೂ ಮುಗಿದಿಲ್ಲ.

1978ರಲ್ಲಿ ಕ್ಯಾಫಿ ಪಿಟ್ಸ್‌ಬರ್ಗಿನಲ್ಲಿ ತೀರಿಕೊಂಡರು. ಅವರ ಪಠ್ಯಪುಸ್ತಕ ಕೈಯಿಂದ ಕೈಗೆ ದಾಟಿ, ಬೆಳೆದು, ಇಂದಿಗೂ ಅವರದೇ ಹೆಸರಿನಲ್ಲಿ ನಮ್ಮ ವಿಭಾಗದ ಕಪಾಟಿನಲ್ಲಿದೆ.