ಡಾ. ವಿ.ಕೆ.ಆರ್.ವಿ. ರಾವ್ (1908–1991)

ಖ್ಯಾತ ಅರ್ಥಶಾಸ್ತ್ರಜ್ಞ ಡಾ. ವಿಜಯೇಂದ್ರ ಕಸ್ತೂರಿರಂಗ ವರದರಾಜ ರಾವ್ ಅವರು 1908ರ ಜುಲೈ 8ರಂದು ಕಾಂಚೀಪುರದಲ್ಲಿ ಜನಿಸಿದರು. ಮುಂಬಯಿ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಿದರು.

1931-32ನೇ ಸಾಲಿನ ಬ್ರಿಟಿಷ್ ಭಾರತದ ರಾಷ್ಟ್ರೀಯ ವರಮಾನದ ಅಂದಾಜು ಇವರ ಮಹತ್ವದ ಕೊಡುಗೆ. ಬೇಸಾಯದ ವರಮಾನವನ್ನು ಬೆಳೆಯ ಮೌಲ್ಯದಿಂದ ಲೆಕ್ಕ ಹಾಕಬಹುದಾಗಿತ್ತು. ಉಳಿದ ಕಸುಬುಗಳವರ ಗಳಿಕೆಯನ್ನು ತಿಳಿಯುವುದೇ ಕಷ್ಟ. ಆದಾಯ ತೆರಿಗೆಯ ದಾಖಲೆಗಳು ತೆರಿಗೆ ತೆರುವ ಕೆಲವರನ್ನಷ್ಟೇ ಒಳಗೊಂಡಿದ್ದವು. 1931ರ ಜನಗಣತಿಯಲ್ಲಿ ವೃತ್ತಿವಾರು ಜನಸಂಖ್ಯೆ ಇತ್ತು, ಸಂಪಾದನೆ ಇರಲಿಲ್ಲ. ಆದುದರಿಂದ ರಾವ್ ಅವರು ಲಭ್ಯವಿದ್ದ ಕೂಲಿ, ಸಂಬಳಗಳ ಮಾಹಿತಿಯನ್ನು ಪರಿಶೀಲಿಸಿ ಈ ಸಂಖ್ಯೆಗಳೊಂದಿಗೆ ಜೋಡಿಸಿದರು. ತಲಾ ವಾರ್ಷಿಕ ವರಮಾನ ಕೇವಲ 62 ರೂಪಾಯಿ ಎಂದು ಕಂಡುಬಂದಿತು. ಅಂದಾಜಿನಲ್ಲಿ ಇರಬಹುದಾದ ದೋಷದ ಪ್ರಮಾಣವನ್ನೂ ಅವರು ಮುಚ್ಚಿಡದೆ ನಮೂದಿಸಿದರು. ಇದು ಅಂದಾಜಿನಷ್ಟೇ ಮುಖ್ಯವಾದ ಕಾರ್ಯ. ಈ ಅಧ್ಯಯನವು 1940ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು.

1949ರಲ್ಲಿ ಭಾರತ ಸರ್ಕಾರವು ರಚಿಸಿದ ರಾಷ್ಟ್ರೀಯ ವರಮಾನ ಸಮಿತಿಯ ಮೂವರು ಸದಸ್ಯರಲ್ಲಿ ಇವರೂ ಒಬ್ಬರು. 1967ರಲ್ಲಿ ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಚುನಾಯಿತರಾಗಿ ಕೇಂದ್ರ ಸಚಿವರಾದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು (ಐಸೆಕ್) ಸ್ಥಾಪಿಸಿದರು. 1974ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗೆ ಭಾಜನರಾದ ಇವರು 1991ರಲ್ಲಿ ನಿಧನರಾದರು. ಸಂಸ್ಥೆಯು ನಾಗರಭಾವಿಯಲ್ಲಿ ಸಂಶೋಧನಾ ಕಾರ್ಯವನ್ನು ಮುಂದುವರಿಸಿದೆ.