ಹೆಣ್ಣಿನ ನೋವಿಗೆ ಕನ್ನಡದ ಮಾತು ಕೊಟ್ಟ ವೈದ್ಯೆ: ಡಾ. ಅನುಪಮಾ ನಿರಂಜನ

ಸಕಲೇಶಪುರ: ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳ ಗುಡ್ಡಗಾಡಿನ ಜನರಿಗೆ ನಿದ್ದೆಗೆಟ್ಟ ರಾತ್ರಿಗಳು ಹೊಸತಲ್ಲ. ಹೆತ್ತೂರು, ಯಸಳೂರು, ಪಾಳ್ಯ, ಕೆಂಚಮ್ಮನ ಹೊಸಕೋಟೆಯ ಕಡೆ ಕಾಡಾನೆಗಳು ತೋಟಕ್ಕಿಳಿದ ಸುದ್ದಿ ಬಂದರೆ ಮನೆಮಂದಿಯೆಲ್ಲ ಬೆಳಗಿನವರೆಗೆ ಎಚ್ಚರವಾಗಿರುತ್ತಾರೆ. ಆ ಎಚ್ಚರಕ್ಕೆ ಕಾರಣವುಂಟು. ಬೆಳಗಾದರೆ ನೆರೆಹೊರೆಯವರೊಡನೆ ಹೇಳಿಕೊಳ್ಳಲು ಮಾತೂ ಉಂಟು. ಆದರೆ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕಿಮೋಥೆರಪಿ ಮುಗಿಸಿಕೊಂಡು ಮನೆಗೆ ಮರಳಿದ ಗೃಹಿಣಿ ನಡುರಾತ್ರಿ ಕಣ್ಣು ಬಿಟ್ಟು ಮಲಗಿದ್ದರೆ ಅದನ್ನು ಯಾರಿಗೆ ಹೇಳಬೇಕು? ಕಾಫಿ ಕೊಯ್ಲಿನ ಕೂಲಿ ಲೆಕ್ಕ ತಪ್ಪುತ್ತದೆ. ಸಾರಿಗೆ ಉಪ್ಪು ಹಾಕಿದ್ದು ಮರೆಯುತ್ತದೆ. ಮಾತಿನ ನಡುವೆ ಪರಿಚಿತರ ಹೆಸರೇ ನೆನಪಾಗುವುದಿಲ್ಲ. ರೋಗ ಹೋಯಿತಲ್ಲ, ಇನ್ನೇನು ಚಿಂತೆ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಆಕೆ ಸುಮ್ಮನಾಗುತ್ತಾಳೆ.

ಹೆಣ್ಣುಮಕ್ಕಳ ಇಂತಹ ಮೌನವನ್ನು ಮುರಿಯಲು ತಮ್ಮ ಆಯುಷ್ಯವನ್ನೇ ವಿನಿಯೋಗಿಸಿದ ವೈದ್ಯೆಯೊಬ್ಬರು ಕನ್ನಡ ನಾಡಿನಲ್ಲಿದ್ದರು. ಕೊನೆಗೆ ಅವರೂ ಕ್ಯಾನ್ಸರ್‌ಗೆ ತುತ್ತಾದರು. ಅವರೇ ಖ್ಯಾತ ಲೇಖಕಿ ಡಾ. ಅನುಪಮಾ ನಿರಂಜನ.

ಮಲೆನಾಡಿನ ಮಗಳು

ಅನುಪಮಾ ಜನಿಸಿದ್ದು 1934ರ ಮೇ 17ರಂದು, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ. ಹೆತ್ತವರು ಇಟ್ಟ ಹೆಸರು ವೆಂಕಟಲಕ್ಷ್ಮಿ. ಸಕಲೇಶಪುರದಂತೆಯೇ ತೀರ್ಥಹಳ್ಳಿಯೂ ಮಳೆಯ ನಾಡು. ಹೆಣ್ಣುಮಕ್ಕಳ ಓದು ಅಪರೂಪವಾಗಿದ್ದ ಆ ಕಾಲದಲ್ಲಿ ವೆಂಕಟಲಕ್ಷ್ಮಿ ವೈದ್ಯಕೀಯ ಶಿಕ್ಷಣ ಪಡೆದು ವೈದ್ಯೆಯಾದರು. ಎಳೆಯ ವಯಸ್ಸಿನಲ್ಲೇ ಬರವಣಿಗೆಯ ಹವ್ಯಾಸ ಅಂಟಿತ್ತು. ಅನುಪಮಾ ಎಂಬುದು ಅವರು ಸಾಹಿತ್ಯ ಲೋಕದಲ್ಲಿ ಗಳಿಸಿಕೊಂಡ ಹೆಸರು.

ಅವರು ಕೈಹಿಡಿದದ್ದು ಪ್ರಗತಿಶೀಲ ಚಳವಳಿಯ ಪ್ರಮುಖ ಲೇಖಕ ನಿರಂಜನರನ್ನು. ಕುಳಕುಂದ ಶಿವರಾಯರೆಂಬುದು ನಿರಂಜನರ ನಿಜನಾಮ. ಕಾಸರಗೋಡು ಸೀಮೆಯ ಕಯ್ಯೂರಿನ ರೈತ ಹೋರಾಟವನ್ನು ಆಧರಿಸಿದ ಚಿರಸ್ಮರಣೆ ಕಾದಂಬರಿಯಿಂದ ಅವರು ನಾಡಿಗೆಲ್ಲ ಪರಿಚಿತರು. ದಂಪತಿಗೆ ಇಬ್ಬರು ಹೆಣ್ಣುಮಕ್ಕಳು. ಧಾರವಾಡದಲ್ಲಿ, ಅನಂತರ ಬೆಂಗಳೂರಿನಲ್ಲಿ ಅನುಪಮಾ ವೈದ್ಯವೃತ್ತಿ ನಡೆಸಿದರು. ಒಂದು ಕೈಯಲ್ಲಿ ಸ್ಟೆತೊಸ್ಕೋಪ್, ಇನ್ನೊಂದು ಕೈಯಲ್ಲಿ ಲೇಖನಿ ಹಿಡಿದ ಬದುಕು ಅವರದಾಯಿತು.

ಚಿಕಿತ್ಸಾಲಯದಿಂದ ಪುಸ್ತಕಕ್ಕೆ

ಮುಟ್ಟು, ಬಸಿರು, ಬಾಣಂತನ, ದಾಂಪತ್ಯ ಇವುಗಳನ್ನು ಕುರಿತು ತಾಯಿ ಮಗಳೊಡನೆಯೂ ಬಾಯಿಬಿಟ್ಟು ಮಾತನಾಡಲು ಹಿಂಜರಿಯುತ್ತಿದ್ದ ಕಾಲವದು. ವೈದ್ಯಶಾಸ್ತ್ರದ ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು. ಅನುಪಮಾ ಆ ತಿಳಿವಳಿಕೆಯನ್ನು ಮನೆಮಾತಿಗೆ ಇಳಿಸಿದರು. ಮದುವೆಯ ಹೊಸ್ತಿಲಲ್ಲಿರುವವರಿಗೆ ವಧುವಿಗೆ ಕಿವಿಮಾತು, ದಂಪತಿಗಳಿಗೆ ದಾಂಪತ್ಯ ದೀಪಿಕೆ, ಬಸುರಿ ಬಾಣಂತಿಯರಿಗೆ ತಾಯಿ-ಮಗು, ಹದಿಹರೆಯದ ಹುಡುಗಿಯರಿಗೆ ಕೇಳು ಕಿಶೋರಿ, ಎಲ್ಲ ವಯಸ್ಸಿನ ಸ್ತ್ರೀಯರಿಗೆ ಸ್ತ್ರೀ ಸ್ವಾಸ್ಥ್ಯ ಸಂಹಿತೆ. ಹೀಗೆ ಹೆಣ್ಣಿನ ಬಾಳಿನ ಒಂದೊಂದು ಘಟ್ಟಕ್ಕೂ ಅವರದೊಂದು ಪುಸ್ತಕ ಸಿದ್ಧವಾಯಿತು. ಹೆಸರಿಟ್ಟು ಹೇಳಲು ಬಂದ ತೊಂದರೆಗೆ ಮಾತ್ರ ಮದ್ದು ದೊರಕೀತು ಎಂಬ ಅರಿವು ಈ ಬರವಣಿಗೆಯ ಹಿಂದಿತ್ತು.

ಮಕ್ಕಳನ್ನೂ ಅವರು ಮರೆಯಲಿಲ್ಲ. ವರ್ಷದ ಪ್ರತಿದಿನಕ್ಕೂ ಒಂದರಂತೆ ಕಥೆ ಹೇಳುವ, 12 ಸಂಪುಟಗಳ ದಿನಕ್ಕೊಂದು ಕಥೆ ಹಲವು ತಲೆಮಾರಿನ ಮಕ್ಕಳಿಗೆ ಮಲಗುವ ಮುನ್ನದ ಓದಾಯಿತು.

ಕಾದಂಬರಿಗಳಲ್ಲೂ ಹೆಣ್ಣಿನ ದೇಹ ಮತ್ತು ಮನಸ್ಸೇ ಅವರ ಮುಖ್ಯ ವಸ್ತು. ಮಹಾಭಾರತದ ಉಪಕಥೆಯೊಂದನ್ನು ಆಧರಿಸಿದ ಮಾಧವಿ ಅವುಗಳಲ್ಲಿ ಪ್ರಸಿದ್ಧವಾದುದು. ಗುರುದಕ್ಷಿಣೆಗಾಗಿ 800 ಕುದುರೆಗಳನ್ನು ಅರಸಿ ಬಂದ ಗಾಲವನಿಗೆ ಯಯಾತಿ ತನ್ನ ಮಗಳನ್ನೇ ಒಪ್ಪಿಸುತ್ತಾನೆ. ಆಕೆ ಒಬ್ಬ ರಾಜನಿಂದ ಇನ್ನೊಬ್ಬನಿಗೆ ಕೈ ಬದಲಾಗಿ, ಹೆತ್ತ ಮಕ್ಕಳನ್ನು ಬಿಟ್ಟು ಮುಂದೆ ಸಾಗಬೇಕಾಗುತ್ತದೆ. ಎಲ್ಲರ ಕಾರ್ಯವೂ ಕೈಗೂಡಿದ ಮೇಲೆ ಅವಳಿಗೆ ಏನಾಯಿತೆಂದು ಕೇಳುವವರಿಲ್ಲದ ಕಥೆಯದು. ಅವರ ಋಣಮುಕ್ತಳು ಕಾದಂಬರಿಯನ್ನು ನಿರ್ದೇಶಕ ಪುಟ್ಟಣ್ಣ ಕಣಗಾಲ್ 1984ರಲ್ಲಿ ಚಲನಚಿತ್ರವಾಗಿಸಿದರು. ನೆನಪು: ಸಿಹಿ-ಕಹಿ ಅವರ ಆತ್ಮಕಥನ.

ಮನೆಯೊಳಗಿನ ಆರೈಕೆ

ರೋಗಿಯ ಆರೈಕೆ ಅನುಪಮಾರಿಗೆ ಕೇವಲ ವೃತ್ತಿಯಾಗಿ ಉಳಿಯಲಿಲ್ಲ. 1970ರ ದಶಕದಲ್ಲಿ ನಿರಂಜನರು ಪಾರ್ಶ್ವವಾಯುವಿಗೆ ತುತ್ತಾದರು. ಮಕ್ಕಳು, ಮನೆ, ರೋಗಿಗಳು, ಬರವಣಿಗೆ ಇವೆಲ್ಲದರ ಜೊತೆಗೆ ಪತಿಯ ಶುಶ್ರೂಷೆಯೂ ಸೇರಿತು. ದೇಹ ಸಹಕರಿಸದಿದ್ದರೂ ನಿರಂಜನರ ಕೆಲಸ ನಿಲ್ಲಲಿಲ್ಲ. ಜಗತ್ತಿನ ನಾನಾ ದೇಶಗಳ ಕಥೆಗಳನ್ನು ಕನ್ನಡಕ್ಕೆ ತಂದ 25 ಸಂಪುಟಗಳ ವಿಶ್ವಕಥಾಕೋಶ ಆ ಅನಾರೋಗ್ಯದ ಅನಂತರವೇ ಅವರ ಸಂಪಾದಕತ್ವದಲ್ಲಿ ಹೊರಬಂದಿತು.

ಇಷ್ಟರ ನಡುವೆ ಅನುಪಮಾರಿಗೂ ಕ್ಯಾನ್ಸರ್ ತಗುಲಿತು. ಅನ್ಯರ ಕಾಯಿಲೆಗಳಿಗೆ ಮದ್ದು ಬರೆದುಕೊಟ್ಟವರು ಸ್ವತಃ ರೋಗಿಯಾದರು. 1991ರ ಫೆಬ್ರವರಿ 15ರಂದು ಅವರು ಇಹಲೋಕ ತ್ಯಜಿಸಿದರು. ಆಗ ಅವರಿಗೆ 56 ವರ್ಷ. ಅವರ ನೆನಪಿನಲ್ಲಿ ಲೇಖಕಿಯರಿಗಾಗಿ ಪ್ರಶಸ್ತಿಯೊಂದು ಸ್ಥಾಪನೆಯಾಯಿತು.

ಅಂದಿನ ಚಿಕಿತ್ಸೆ, ಇಂದಿನ ಅರಿವು

ಅನುಪಮಾ ಬದುಕಿದ್ದ ಕಾಲದ ಕ್ಯಾನ್ಸರ್ ಚಿಕಿತ್ಸೆ ಇಂದಿನದಕ್ಕಿಂತ ಬಹಳ ಕಠಿಣವಾಗಿತ್ತು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಆರಂಭವಾದದ್ದೇ 1973ರಲ್ಲಿ. ಕಿಮೋಥೆರಪಿಯ ವಾಂತಿಯನ್ನು ತಡೆಯಲು ಇಂದು ಎಲ್ಲೆಡೆ ಬಳಕೆಯಲ್ಲಿರುವ ಆಂಡಾನ್ಸೆಟ್ರಾನ್ ಔಷಧಿಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1991ರ ಜನವರಿಯಲ್ಲಿ, ಅಂದರೆ ಅನುಪಮಾ ನಿಧನರಾಗುವುದಕ್ಕೆ ಒಂದು ತಿಂಗಳ ಹಿಂದೆ. ರೋಗಿ ಬದುಕುಳಿದರೆ ಸಾಕು ಎಂಬುದೇ ಆಗಿನ ಎಣಿಕೆ. ಬದುಕುಳಿದವರ ನಿದ್ದೆ, ನೆನಪು, ಏಕಾಗ್ರತೆಗಳು ವೈದ್ಯರ ಪ್ರಶ್ನೆಗಳ ಪಟ್ಟಿಗೆ ಸೇರಿರಲಿಲ್ಲ. ಚಿಕಿತ್ಸೆಯ ಅನಂತರ ಮನಸ್ಸಿಗೆ ಕವಿಯುವ ಮಂಕನ್ನು ಕುರಿತ ಸಂಶೋಧನೆ ಬಲಗೊಂಡದ್ದು 1990ರ ದಶಕದ ಕೊನೆಯಿಂದೀಚೆಗೆ. ಅಲ್ಲಿಯವರೆಗೆ ಅದನ್ನು ರೋಗಿಯ ದುಗುಡವೆಂದೇ ತಳ್ಳಿಹಾಕುವುದಿತ್ತು.

ಇಂದು ವೈದ್ಯರು ಇದನ್ನು ನಿಜವಾದ ತೊಂದರೆಯೆಂದು ಒಪ್ಪುತ್ತಾರೆ. ಕಾರಣಗಳು ಹಲವು. ಕಿಮೋಥೆರಪಿ, ಹಾರ್ಮೋನು ಚಿಕಿತ್ಸೆ, ರಕ್ತಹೀನತೆ, ಥೈರಾಯ್ಡ್ ಏರುಪೇರು, ನೋವು, ಖಿನ್ನತೆ, ರೋಗ ಮರುಕಳಿಸೀತೆಂಬ ಭಯ ಇವೆಲ್ಲವೂ ಸೇರಿಕೊಳ್ಳುತ್ತವೆ. ಕಿಮೋ ಜೊತೆಗೆ ನೀಡುವ ಸ್ಟೀರಾಯ್ಡ್‌ಗಳು ನಿದ್ದೆಯನ್ನು ಕೆಡಿಸಬಲ್ಲವು. ಚಿಕಿತ್ಸೆಯಿಂದ ಅಕಾಲದಲ್ಲಿ ಮುಟ್ಟು ನಿಂತವರನ್ನು ರಾತ್ರಿಯ ಬಿಸಿಯುರಿ, ಬೆವರು ಎಬ್ಬಿಸುತ್ತವೆ. ನಿದ್ದೆ ಕೆಟ್ಟರೆ ಮಂಕು ಹೆಚ್ಚುತ್ತದೆ. ಮಂಕಿನ ಚಿಂತೆಯಿಂದ ನಿದ್ದೆ ಮತ್ತಷ್ಟು ಕೆಡುತ್ತದೆ. ಹಲವರಲ್ಲಿ ಕೆಲವು ತಿಂಗಳಲ್ಲಿ ಇದು ತಿಳಿಯಾಗುತ್ತದೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಪರಿಹಾರವೂ ಇಲ್ಲದಿಲ್ಲ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ವೈದ್ಯರು ಸೂಚಿಸುವುದು ಅಭ್ಯಾಸ ಮತ್ತು ಆಲೋಚನೆಗಳನ್ನು ತಿದ್ದುವ ಚಿಕಿತ್ಸೆಯನ್ನು. ಪ್ರತಿದಿನ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಎದ್ದು ಕೂರುವುದು, ಹಗಲಿನ ನಿದ್ದೆ ಕಡಿಮೆ ಮಾಡುವುದು ಅದರ ಮೊದಲ ಪಾಠಗಳು. ಶಕ್ತಿಗೆ ತಕ್ಕ ನಡಿಗೆಯೂ ಒಳ್ಳೆಯದು. ಮರೆವಿಗೆ ಒಂದು ಪುಸ್ತಕದಲ್ಲಿ ಬರೆದಿಡುವುದು, ಒಂದು ಹೊತ್ತಿಗೆ ಒಂದೇ ಕೆಲಸ ಹಿಡಿಯುವುದು ನೆರವಾಗುತ್ತದೆ. ಆದರೆ ಹಠಾತ್ ಗೊಂದಲ, ತೀವ್ರ ತಲೆನೋವು, ಕೈಕಾಲಿನ ನಿಶ್ಶಕ್ತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಗುಡ್ಡದ ಮನೆಗಳಿಗೆ ಉಳಿದ ಪಾಠ

ಸಕಲೇಶಪುರದಿಂದ ಬೆಂಗಳೂರು 200 ಕಿಲೋಮೀಟರಿಗೂ ಹೆಚ್ಚು ದೂರ. ಮಂಗಳೂರಿಗೆ ಹೋಗಬೇಕಾದರೆ ಶಿರಾಡಿ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಆ ದಾರಿಯೂ ಬಂದ್. ತಿಂಗಳುಗಟ್ಟಲೆ ಕಾದು ದೊಡ್ಡಾಸ್ಪತ್ರೆಯ ವೈದ್ಯರೆದುರು ಕುಳಿತಾಗ ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಗಾಯ ಮತ್ತು ಸ್ಕ್ಯಾನಿಂಗ್ ವರದಿಯ ಮಾತಾಗುತ್ತದೆ. ನಿದ್ದೆಯ ಮಾತು ಉಳಿದುಹೋಗುತ್ತದೆ. ತೋಟದ ಮಾಲೀಕರ ಮನೆಯೊಡತಿಗೂ ಲೈನು ಮನೆಯ ಕೂಲಿ ಹೆಂಗಸಿಗೂ ಈ ಕಷ್ಟ ಒಂದೇ. ಕೂಲಿಯವಳಿಗೆ ಹಗಲು ವಿಶ್ರಮಿಸುವ ಅನುಕೂಲವೂ ಇಲ್ಲ.

ಎಷ್ಟು ರಾತ್ರಿ ನಿದ್ದೆಯಿಲ್ಲ, ಏನೇನು ಮರೆಯುತ್ತಿದೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರ ಮುಂದಿಡುವುದು ಮೊದಲ ಹೆಜ್ಜೆ. ದೂರ ಹೋಗಲಾಗದವರು ಮನದ ದುಗುಡವನ್ನು ಹೇಳಿಕೊಳ್ಳಲು 2022ರಲ್ಲಿ ಆರಂಭವಾದ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಮನೆಯವರು ಇದನ್ನು ಸೋಮಾರಿತನವೆಂದೋ ನೆಪವೆಂದೋ ಬಗೆಯದೆ ಕೇಳಿಸಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಮುಟ್ಟಿನ ಮಾತನ್ನೂ ಬಾಣಂತನದ ಮಾತನ್ನೂ ಸಂಕೋಚವಿಲ್ಲದೆ ವೈದ್ಯರಿಗೆ ಹೇಳುವಂತೆ ಒಂದು ತಲೆಮಾರಿನ ಕನ್ನಡತಿಯರನ್ನು ಅನುಪಮಾ ನಿರಂಜನ ಸಿದ್ಧಗೊಳಿಸಿದರು. ಕ್ಯಾನ್ಸರ್ ಗೆದ್ದು ಬಂದವರ ನಿದ್ದೆಯಿಲ್ಲದ ರಾತ್ರಿಗಳನ್ನೂ ಮನದ ಮಂಕನ್ನೂ ಅದೇ ರೀತಿ ಬಾಯಿಬಿಟ್ಟು ಹೇಳುವ ಕೆಲಸ ಇನ್ನೂ ಬಾಕಿಯಿದೆ.