ಅರ್ಧ ಕೆತ್ತಿದ ಕಲ್ಲು

ಆನೆಗೊಂದಿಯ ಬಂಡೆಗಳ ನಡುವೆ ನಡೆಯುವಾಗ ಕಾಲಿಗೆ ತಾಗಿದ ಕಲ್ಲನ್ನು ಎಂದಾದರೂ ಎತ್ತಿ ನೋಡಿದ್ದೀರಾ? ಹಾಗೆ ನೋಡುವುದರಲ್ಲೇ ಬಾಳು ಸವೆಸಿದವರು ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಇವರು 1858ರಲ್ಲಿ ಭಾರತದ ಭೂವಿಜ್ಞಾನ ಇಲಾಖೆ ಸೇರಿದರು. 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಆಯುಧವೊಂದನ್ನು ಗುರುತಿಸಿದರು. ಮುಂದೆ ನಮ್ಮ ತುಂಗಭದ್ರೆಯ ಆಚೆ, ಬಳ್ಳಾರಿ ಸಮೀಪದ ಕಪ್ಪಗಲ್ಲು ಗುಡ್ಡದಲ್ಲಿ, ಹೊಸ ಶಿಲಾಯುಗದವರು ಕೊಡಲಿ ಮಾಡುತ್ತಿದ್ದ ದೊಡ್ಡ ನೆಲೆಯೇ ಅವರಿಗೆ ಸಿಕ್ಕಿತು. ಅಂದಿನ ಜನ ಗಟ್ಟಿಯಾದ ಕರಿಕಲ್ಲನ್ನು ಆರಿಸಿ, ಬಡಿದು ಚಕ್ಕೆ ಎಬ್ಬಿಸಿ, ಕುಟ್ಟಿ ಸಮಮಾಡಿ, ಬಂಡೆಗೆ ಉಜ್ಜಿ ಅಂಚನ್ನು ಹರಿತಗೊಳಿಸುತ್ತಿದ್ದರು.

ಇದು ಗೊತ್ತಾದದ್ದು ಹೇಗೆ? ನಯವಾದ ಕೊಡಲಿ ತನ್ನ ಮೇಲೆ ಬಿದ್ದ ಪೆಟ್ಟುಗಳನ್ನು ಮುಚ್ಚಿಡುತ್ತದೆ. ಅರ್ಧಕ್ಕೆ ಬಿಟ್ಟ, ಮುರಿದ ಕಲ್ಲುಗಳೇ ಕೆಲಸದ ಒಂದೊಂದು ಹಂತವನ್ನೂ ಹೇಳಿದವು. ಫೂಟ್ 1912ರಲ್ಲಿ ತೀರಿಕೊಂಡರು. ಅವರ ಸಂಗ್ರಹ ಚೆನ್ನೈ ವಸ್ತುಸಂಗ್ರಹಾಲಯದಲ್ಲಿದೆ.

ತಂದೆತಾಯಿಗಳೇ, ಪರೀಕ್ಷೆಯಲ್ಲಿ ಸೋತ ಮಗನನ್ನೋ ಮಾತು ಕೇಳದ ಮಗಳನ್ನೋ ಕೆಲಸಕ್ಕೆ ಬಾರದ ಕಲ್ಲೆಂದು ಹಳಿಯುವ ಮುನ್ನ ಒಂದು ಕ್ಷಣ ನಿಲ್ಲಿ. ಅವರೂ ನಾವೂ ಸೃಷ್ಟಿಕರ್ತನ ಕೈಯಲ್ಲಿ ಇನ್ನೂ ಅರ್ಧ ಕೆತ್ತಿದ ಕಲ್ಲುಗಳೇ. ಇಂದು ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಅವರ ಹೆಸರನ್ನು ಪ್ರೀತಿಯಿಂದ ನೆನೆಯಿರಿ.